ಸ್ಕ್ಯಾನಿಂಗ್ ರಿಪೋರ್ಟಿನ ನಂಬರನ್ನ ಎಷ್ಟು ನಂಬಬಹುದು? ಕೃತಕ ರಕ್ತನಾಳದ ಸುದ್ದಿ ಹಿಂದಿರೋ ಅಸಲಿ ವಿಷಯ

ಒಂದು ವಿಡಿಯೋ ಆಗಾಗ ವಾಟ್ಸಾಪಲ್ಲಿ ಸುತ್ತಾಡುತ್ತೆ. 3ಡಿ ಪ್ರಿಂಟರಲ್ಲಿ ರಕ್ತನಾಳ ತಯಾರಾಗ್ತಿರೋದು, ಅದರೊಳಗೆ ಕೆಂಪು ದ್ರವ ಮಿಡಿದು ಮಿಡಿದು ಹರೀತಿರೋದು, ಕೆಳಗೆ ಯಾರೋ ಬರೆದ ಸಾಲು: ಇನ್ಮೇಲೆ ಬೈಪಾಸ್ ಬೇಡ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಗ್ರೂಪುಗಳಲ್ಲಿ ಇಂಥದ್ದು ಬಂದ ತಕ್ಷಣ, ಇದು ಮೈಸೂರಿಗೆ ಬಂದಿದೆಯಾ, ಖರ್ಚು ಎಷ್ಟಾಗುತ್ತೆ, ಆಯುಷ್ಮಾನ್ ಕಾರ್ಡಲ್ಲಿ ಆಗುತ್ತಾ ಅಂತ ಜನ ಕೇಳ್ತಾರೆ. ಕೇಳೋದು ಸಹಜ, ಮನೇಲಿ ಹೃದಯದ ರೋಗಿ ಇದ್ದವರಿಗೆ ಆಸೆ ಹುಟ್ಟೋದೂ ಸಹಜ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿದೆ, ಮೊದಲು ಅದನ್ನ ಬಿಡಿಸ್ಕೋಬೇಕು.

ದೇಹದೊಳಗೆ ಹಾಕೋದು ಬೇರೆ, ಮಷೀನ್ ಪರೀಕ್ಷೆಗೆ ಮಾಡೋದು ಬೇರೆ

ದೇಹದೊಳಗೆ ಕೂರಿಸೋ ಕೃತಕ ರಕ್ತನಾಳ ಅನ್ನೋದು ಇದೆ, ಸುಳ್ಳಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹ್ಯುಮಾಸೈಟ್ ಕಂಪನಿಯ ಸಿಮ್ವೆಸ್ ಅನ್ನೋ ನಾಳಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಯಾವುದಕ್ಕೆ ಅಂತ ನೋಡಿ: ದೊಡ್ಡವರಿಗೆ ಕೈಗೋ ಕಾಲಿಗೋ ಪೆಟ್ಟು ಬಿದ್ದು ಅಪಧಮನಿ ಹರಿದುಹೋಗಿ, ತುರ್ತಾಗಿ ರಕ್ತ ಹರಿಸ್ಲೇಬೇಕು ಅಂತಾಗಿ, ರೋಗಿಯದೇ ಬೇರೆ ಸಿರೆ ತೆಗೆದು ಜೋಡಿಸೋಕೆ ದಾರಿ ಇಲ್ಲದಿದ್ದಾಗ. ಹೃದಯದ ಬೈಪಾಸಿಗೆ ಆ ಒಪ್ಪಿಗೆ ಅಲ್ಲ.

ಇಂಥ ವಿಡಿಯೋಗಳಲ್ಲಿ ತುಂಬಾ ಸಲ ತೋರಿಸೋದು ಇನ್ನೊಂದು ಥರದ್ದು. ಅದು ಯಾರ ದೇಹದೊಳಗೂ ಹೋಗಲ್ಲ. ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಮಷೀನುಗಳು ರಕ್ತನಾಳವನ್ನ ಸರಿಯಾಗಿ ನೋಡ್ತಿವೆಯಾ ಅಂತ ಪರೀಕ್ಷೆ ಮಾಡೋಕೆ ಲ್ಯಾಬಲ್ಲಿ ಕಟ್ಟೋ ಮಾದರಿ, ಅದಕ್ಕೆ ಫ್ಯಾಂಟಮ್ ಅಂತಾರೆ. ಕೇಳೋಕೆ ಸಪ್ಪೆ ಅನ್ಸುತ್ತೆ. ಆದರೆ ಕೊಡಗಿನಂಥ ಜಿಲ್ಲೆಗೆ ಸಿಮ್ವೆಸ್‌ಗಿಂತ ಇದೇ ಹತ್ತಿರದ ವಿಷಯ, ಯಾಕಂದ್ರೆ ಸಿಮ್ವೆಸ್ ನಮ್ಮಲ್ಲಿ ಲಕ್ಷಕ್ಕೊಬ್ಬರಿಗೂ ಬೇಕಾಗದೇ ಇರಬಹುದು, ಸ್ಕ್ಯಾನ್ ಮಾತ್ರ ಮನೆಮನೆಗೂ ಬೇಕಾಗುತ್ತೆ, ಆ ಸ್ಕ್ಯಾನ್ ಹೇಳೋ ಒಂದು ನಂಬರ್ ಮೇಲೆ ಮಡಿಕೇರಿಯಿಂದ 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗ್ಬೇಕಾ ಬೇಡ್ವಾ ಅನ್ನೋದು ತೀರ್ಮಾನ ಆಗುತ್ತೆ.

ಮಷೀನ್ ನೋಡೋದಕ್ಕಿಂತ ಲೆಕ್ಕ ಹಾಕೋದೇ ಜಾಸ್ತಿ

ಅಲ್ಟ್ರಾಸೌಂಡ್ ಮಷೀನಿಗೆ ದೂರ ಗೊತ್ತಾಗಲ್ಲ, ಸಮಯ ಮಾತ್ರ ಗೊತ್ತಾಗುತ್ತೆ. ಶಬ್ದ ಕಳಿಸಿ ಅದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ, ದೇಹದ ಮೃದು ಭಾಗದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತೆ ಅಂತ ಇಟ್ಕೊಂಡು ದೂರ ಲೆಕ್ಕ ಹಾಕುತ್ತೆ. ಕೊಬ್ಬಿರಲಿ, ಸ್ನಾಯು ಇರಲಿ, ಇನ್ನೇನಾದ್ರೂ ಇರಲಿ, ಅದಕ್ಕೆ ಎಲ್ಲಾ 1540ನೇ.

ರಕ್ತ ಎಷ್ಟು ವೇಗವಾಗಿ ಹರೀತಿದೆ ಅಂತ ನೋಡೋ ಅಲ್ಟ್ರಾಸೌಂಡಿಗೆ ಡಾಪ್ಲರ್ ಅಂತಾರೆ, ಅದು ಇನ್ನೂ ಸೂಕ್ಷ್ಮ. ರಕ್ತದ ವೇಗ ತಿಳಿಯೋಕೆ, ಶಬ್ದದ ಕಿರಣಕ್ಕೂ ನಾಳಕ್ಕೂ ನಡುವಿನ ಕೋನ ಎಷ್ಟು ಅಂತ ಸ್ಕ್ಯಾನ್ ಮಾಡೋರು ಪರದೆ ಮೇಲೆ ಗೆರೆ ತಿರುಗಿಸಿ ಕೊಡ್ಬೇಕು. ನಿಜವಾದ ಕೋನ 30 ಇದ್ದು 35 ಅಂತ ಇಟ್ಟರೆ ವೇಗ ಸುಮಾರು 6% ಹೆಚ್ಚು ತೋರಿಸುತ್ತೆ. 60 ಇದ್ದು 65 ಅಂತ ಇಟ್ಟರೆ 18% ಹೆಚ್ಚು. ತಪ್ಪಿದ್ದು ಅದೇ 5 ಡಿಗ್ರಿ, ಪರಿಣಾಮ ಮೂರು ಪಟ್ಟು. ನಾಳ ಕಿರಿದಾದ ಕಡೆ ರಕ್ತ ಜೋರಾಗಿ ಹರಿಯುತ್ತೆ, ಅದಕ್ಕೇ ಕತ್ತಿನ ಕೆರೋಟಿಡ್ ನಾಳದಲ್ಲಿ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ 50% ಮೇಲ್ಪಟ್ಟ ಬ್ಲಾಕ್ ಅಂತ ಲೆಕ್ಕಕ್ಕೆ ತಗೊಳ್ಳೋ ಪದ್ಧತಿ 2003ರಿಂದ ಬಳಕೆಯಲ್ಲಿದೆ. ಈಗ ನಿಜವಾದ ವೇಗ 110 ಇರೋ ಒಬ್ಬರನ್ನ ಯೋಚನೆ ಮಾಡಿ, 18% ಸೇರಿದರೆ 130 ಆಯ್ತು, ಗಡಿ ದಾಟಿತು, ಬ್ಲಾಕ್ ಇಲ್ಲದವರ ರಿಪೋರ್ಟಲ್ಲಿ ಬ್ಲಾಕ್ ಬಂತು.

ಅದೂ ಅಲ್ಲದೆ ಗೆರೆ ಸರಿಯಾಗೇ ಇಟ್ಟರೂ, ಮೈಮೇಲೆ ಇಟ್ಟು ಶಬ್ದ ಕಳಿಸೋ ಪ್ರೋಬಿನ ಮುಖ ಅಗಲ ಇರೋದ್ರಿಂದ ಒಂದೇ ನಾಳವನ್ನ ಅದು ಹಲವು ಕೋನಗಳಿಂದ ಒಟ್ಟಿಗೆ ನೋಡುತ್ತೆ, ಹಾಗಾಗಿ ಗರಿಷ್ಠ ವೇಗವನ್ನ ಮಷೀನುಗಳು ಸ್ವಲ್ಪ ಹೆಚ್ಚೇ ತೋರಿಸ್ತವೆ. ಎಷ್ಟು ಹೆಚ್ಚು ಅಂತ ಅಳೆದು ತೋರಿಸೋಕೆ ಆಗಿದ್ದು ಒಳಗಿನ ವೇಗ ಮೊದಲೇ ಗೊತ್ತಿರೋ ಮಾದರಿಗಳಿಂದ. ರೋಗಿ ಮೇಲೆ ಅದು ಆಗೋ ಕೆಲಸ ಅಲ್ಲ, ರೋಗಿಯ ನಿಜವಾದ ವೇಗ ಯಾರಿಗೆ ಗೊತ್ತು?

ಕಾಫಿ ಮಾರಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಮನೇಲಿರೋ ಮಾಯಿಶ್ಚರ್ ಮೀಟರ್ ಒಂದು ತೋರಿಸುತ್ತೆ, ವ್ಯಾಪಾರಿ ಮೀಟರ್ ಇನ್ನೊಂದು ತೋರಿಸುತ್ತೆ, ಯಾವುದು ಸರಿ ಅಂತ ಎರಡು ಮೀಟರ್ ಪಕ್ಕ ಪಕ್ಕ ಇಟ್ಟು ಜಗಳ ಆಡಿದ್ರೆ ಬಗೆಹರಿಯಲ್ಲ, ಓವನ್‌ನಲ್ಲಿ ಒಣಗಿಸಿ ತೂಕ ನೋಡಿ ತೇವಾಂಶ ಖಚಿತ ಮಾಡಿದ ಸ್ಯಾಂಪಲ್ ಬೇಕು. ರಕ್ತನಾಳದ ಫ್ಯಾಂಟಮ್ ಅಂದ್ರೆ ಆ ಸ್ಯಾಂಪಲ್.

ಹಾಡಿಯ ಮಗು ಮತ್ತು 200 ಅನ್ನೋ ಗಡಿ

ಒಂದು ನಂಬರಿಗೆ ಎಷ್ಟು ಭಾರ ಇರಬಹುದು ಅನ್ನೋದಕ್ಕೆ ನಮ್ಮ ಕಡೆಗೇ ಸಂಬಂಧಪಟ್ಟ ಒಂದು ವಿಷಯ ಇದೆ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲಿ, ಅಂದ್ರೆ ಆದಿವಾಸಿಗಳ ವಸತಿಗಳಲ್ಲಿ, ಸಿಕಲ್ ಸೆಲ್ ಅನ್ನೋ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣೆ ನಡೀತಾ ಇದೆ, ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಗಿದ್ದು 2023ರ ಜುಲೈ 1ಕ್ಕೆ. ಈ ಕಾಯಿಲೆಯ ತೀವ್ರ ರೂಪ ಇರೋ ಮಕ್ಕಳಿಗೆ ಸ್ಟ್ರೋಕ್ ಆಗೋ ಅಪಾಯ ಇರುತ್ತೆ. ಯಾವ ಮಗುವಿಗೆ ಆ ಅಪಾಯ ಜಾಸ್ತಿ ಅಂತ ಮೊದಲೇ ತಿಳಿಯೋ ದಾರಿ ಅಂದ್ರೆ ಕಪಾಲದ ಪಕ್ಕದಿಂದ ಡಾಪ್ಲರ್ ಹಾಕಿ ಮೆದುಳಿನ ನಾಳದಲ್ಲಿ ರಕ್ತದ ವೇಗ ನೋಡೋದು. ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಮೇಲೆ ಇದ್ದರೆ ಅಪಾಯ. ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಮೊದಲ ಸ್ಟ್ರೋಕಿನ ಅಪಾಯ 90%ಗಿಂತ ಜಾಸ್ತಿ ಇಳಿಯುತ್ತೆ ಅಂತ 1998ರಲ್ಲಿ ಅಮೆರಿಕದ ಸ್ಟಾಪ್ ಅಧ್ಯಯನ ತೋರಿಸಿಕೊಟ್ಟಿತು. ಮಕ್ಕಳ ವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟ ಫಲಿತಾಂಶ ಅಪರೂಪ.

ಈಗ ತೊಡಕು. ಆ 200 ಅನ್ನೋ ಗಡಿ ಬಂದಿದ್ದು ಚಿತ್ರ ತೋರಿಸದ, ವೇಗ ಮಾತ್ರ ಹೇಳೋ ಹಳೇ ನಮೂನೆ ಡಾಪ್ಲರ್ ಮಷೀನಿಂದ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರೋದು ಚಿತ್ರ ತೋರಿಸೋ ಮಷೀನ್, ಅದು ಅದೇ ಮಗುವಿಗೆ ಸುಮಾರು 10% ಕಮ್ಮಿ ತೋರಿಸುತ್ತೆ, ಅದಕ್ಕೇ ಅಂಥ ಮಷೀನಿಗೆ 185 ಅನ್ನೋ ಗಡಿ ಇಟ್ಕೊಳ್ತಾರೆ. ಇದು ಗೊತ್ತಿಲ್ಲದೆ 190 ಬಂತು, 200 ಮುಟ್ಟಿಲ್ಲ ಅಂತ ಮನೆಗೆ ಕಳಿಸಿದ್ರೆ ಆ ಮಗುವಿನ ಗತಿ ಏನು? ಉಲ್ಟಾ ಆದ್ರೂ ಕಷ್ಟ ಕಮ್ಮಿ ಏನಲ್ಲ. ಮಷೀನ್ ಹೆಚ್ಚು ತೋರಿಸಿ ಗಡಿ ದಾಟಿತು ಅಂದ್ರೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ, ಅದೂ ವರ್ಷಾನುಗಟ್ಟಲೆ, ಅದರ ಜೊತೆ ಮೈಯಲ್ಲಿ ಕಬ್ಬಿಣದಂಶ ಸೇರಿಕೊಳ್ಳೋ ತೊಂದರೆ, ಪೊನ್ನಂಪೇಟೆ ಕಡೆ ಹಾಡಿಯಿಂದ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಬರೋ ದಿನ ಅಪ್ಪ ಅಮ್ಮಂದಿರ ತೋಟದ ಕೂಲಿ ಹೋಯ್ತು.

ಹಾಗಾಗಿ ಇಂಥ ಮಷೀನ್ ಪರೀಕ್ಷೆ ಮಾಡೋ ಫ್ಯಾಂಟಮ್ ಬರೀ ಕೊಳವೆ ಆದ್ರೆ ಸಾಲಲ್ಲ, ಮೇಲೆ ಮೂಳೆ ಥರ ಶಬ್ದ ನುಂಗೋ ಪದರ ಇರ್ಬೇಕು, ಒಳಗೆ 200ರ ಆಸುಪಾಸು ವೇಗದಲ್ಲಿ ದ್ರವ ಹರೀಬೇಕು.

ಮಾಡೋದು ಹೇಗೆ

ರಕ್ತನಾಳ ಅಂದ್ರೆ ಪೈಪು ತಾನೇ, ಪೈಪ್ ತಂದು ನೀರು ಬಿಟ್ಟರಾಯ್ತು ಅನ್ಸುತ್ತೆ. ಆ ಲೆಕ್ಕ ಮೊದಲ ಹೆಜ್ಜೆಯಲ್ಲೇ ಕೈ ಕೊಡುತ್ತೆ.

ಗೋಡೆಯನ್ನೇ ತಗೊಳ್ಳಿ. ಸಿಲಿಕೋನ್ ಬಳಸೋದು ಸುಲಭ, ನೋಡೋಕೆ ಚೆಂದ, ಬಾಳಿಕೆ ಬರುತ್ತೆ. ಆದರೆ ಅದರಲ್ಲಿ ಶಬ್ದ ಹೋಗೋದು ಸೆಕೆಂಡಿಗೆ ಸುಮಾರು 1000 ಮೀಟರ್ ಅಷ್ಟೇ. ಮಷೀನ್ 1540 ಅಂದ್ಕೊಂಡಿರುತ್ತೆ, ಹಾಗಾಗಿ 1 ಮಿಲಿಮೀಟರ್ ದಪ್ಪದ ಗೋಡೆ ಪರದೆ ಮೇಲೆ ಒಂದೂವರೆ ಮಿಲಿಮೀಟರ್ ಕಾಣುತ್ತೆ. ಶಬ್ದದ ಕಿರಣ ಗೋಡೆ ದಾಟುವಾಗ ಬಾಗುತ್ತೆ ಬೇರೆ. ಎಂಆರ್‌ಐಗೆ, ಸಿಟಿಗೆ ಇದೇ ಸಿಲಿಕೋನ್ ನಡೆಯುತ್ತೆ, ಅಲ್ಟ್ರಾಸೌಂಡಿಗೆ ನಡೆಯಲ್ಲ.

ಅದಕ್ಕೆ ಅಲ್ಟ್ರಾಸೌಂಡಿನವರು ಪಾಲಿವಿನೈಲ್ ಆಲ್ಕೋಹಾಲ್ ಅನ್ನೋ ಪುಡಿಯ ಕಡೆ ಹೋಗ್ತಾರೆ. ಸುಮಾರು 10% ಪುಡಿಯನ್ನ 90 ಡಿಗ್ರಿ ಮೇಲಿನ ಬಿಸಿನೀರಲ್ಲಿ ಗಂಟಾಗದ ಹಾಗೆ ತಿರುವ್ತಾ ಕರಗಿಸಿ, ಗುಳ್ಳೆ ಎಲ್ಲಾ ಮೇಲೆ ಬಂದು ಹೋಗೋವರೆಗೆ ಬಿಟ್ಟು, ನಡುವೆ ಸರಳು ಇರೋ ಅಚ್ಚಿಗೆ ಹೊಯ್ತಾರೆ. ಆ ಸರಳಿನ ಜಾಗವೇ ಆಮೇಲೆ ರಕ್ತದ ದಾರಿ. ಅಚ್ಚನ್ನ ಮೈನಸ್ 20 ಡಿಗ್ರಿ ಫ್ರೀಜರಲ್ಲಿ ಗಂಟೆಗಟ್ಟಲೆ ಇಟ್ಟು, ಹೊರಗೆ ತೆಗೆದು ನಿಧಾನಕ್ಕೆ ಕರಗೋಕೆ ಬಿಡ್ತಾರೆ, ಅಲ್ಲಿಗೆ ಒಂದು ಸುತ್ತು. ನೀರು ಮಂಜಾಗುವಾಗ ಪಾಲಿಮರಿನ ಎಳೆಗಳು ಒಂದರ ಹತ್ತಿರ ಒಂದು ಒತ್ತಿಕೊಂಡು ಗಂಟು ಬೀಳ್ತವೆ, ಬೇರೆ ರಾಸಾಯನಿಕ ಏನೂ ಹಾಕದೆ ಗಟ್ಟಿ ಜೆಲ್ ಆಗುತ್ತೆ. ಸುತ್ತು ಜಾಸ್ತಿ ಆದಷ್ಟೂ ಗಟ್ಟಿ. ಮೆತ್ತಗಿನ ಎಳೇ ನಾಳ ಬೇಕಂದ್ರೆ ಸುತ್ತು ಕಮ್ಮಿ, ವಯಸ್ಸಾದವರ ಬಿಗಿಯಾದ ನಾಳ ಬೇಕಂದ್ರೆ ಇನ್ನೂ ಕೆಲವು ಸುತ್ತು. ಎಷ್ಟು ನಿಧಾನ ಕರಗಿತು ಅನ್ನೋದೂ ಗಟ್ಟಿತನ ಬದಲಾಯಿಸುತ್ತೆ. ಮಳೆಗಾಲದಲ್ಲಿ ಗಾಳಿ ಬಂತು ಅಂದ್ರೆ ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡೋಕೆ ಹೊರಟರೆ ಬ್ಯಾಕಪ್ ಇಲ್ಲದ ಫ್ರೀಜರ್ ಒಂದೇ ಸಾಕು ಎಲ್ಲಾ ಕೆಡಿಸೋಕೆ, ಯಾಕಂದ್ರೆ ತಾನಾಗಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಲೆಕ್ಕಕ್ಕಿಲ್ಲದ ಒಂದು ಸುತ್ತು ಸೇರಿಬಿಡುತ್ತೆ.

ನಾಳದ ಸುತ್ತ ಮಾಂಸದ ಜಾಗಕ್ಕೆ ಅಗರ್, ಅಂದ್ರೆ ಪುಡ್ಡಿಂಗಿಗೆ ಹಾಕೋ ಚೈನಾ ಗ್ರಾಸ್. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಮಾನದಂಡಕ್ಕೆ ಹೊಂದಿಸಿ ಮಾಡಿದ ಪ್ರಸಿದ್ಧ ಪಾಕದಲ್ಲಿ ಅಗರ್ ಸುಮಾರು 3%, ಗ್ಲಿಸರಿನ್ ಸುಮಾರು 11%, ಉಳಿದಿದ್ದು ಹೆಚ್ಚುಕಮ್ಮಿ ನೀರು. ಶಬ್ದದ ವೇಗವನ್ನ 1540ಕ್ಕೆ ಏರಿಸೋದು ಗ್ಲಿಸರಿನ್. ಸಿಲಿಕಾನ್ ಕಾರ್ಬೈಡ್ ಪುಡಿ ಶಬ್ದ ಚದುರಿಸಿ ಮಾಂಸದ ಥರ ಬೂದು ಬಣ್ಣ ಬರೋ ಹಾಗೆ ಮಾಡುತ್ತೆ, ಅಲ್ಯುಮಿನಿಯಂ ಆಕ್ಸೈಡ್ ಶಬ್ದವನ್ನ ಸ್ವಲ್ಪ ಸ್ವಲ್ಪ ನುಂಗುತ್ತೆ. ಕೊನೆಗೆ ಬೂಷ್ಟು ಹಿಡೀದೆ ಇರೋಕೆ ಬೆಂಜಾಲ್ಕೋನಿಯಂ ಕ್ಲೋರೈಡ್. ಜೂನಿಂದ ಸೆಪ್ಟೆಂಬರ್‌ವರೆಗೆ ಬೀರು ಒಳಗಿನ ಬಟ್ಟೆಗೂ ಬೂಷ್ಟು ಬರೋ ಊರಲ್ಲಿ ಇದನ್ನ ಮರೆಯೋ ಹಾಗಿಲ್ಲ. ಗಾಳಿಗೆ ಬಿಟ್ಟರೂ ಆಗಲ್ಲ, ನೀರು ಆರಿ ಕುಗ್ಗಿದರೆ ಶಬ್ದದ ವೇಗವೂ ಬದಲಾಯ್ತು, ಫ್ಯಾಂಟಮ್ಮೇ ಸುಳ್ಳು ಹೇಳೋಕೆ ಶುರು ಮಾಡ್ತು.

ರಕ್ತದ ಬದಲು ನೀರು, ಗ್ಲಿಸರಿನ್, ಡೆಕ್ಸ್‌ಟ್ರಾನ್ ಸೇರಿಸಿ ರಕ್ತದಷ್ಟೇ ಮಂದ ಮಾಡಿದ ದ್ರವ, ಅದರಲ್ಲಿ ಕೆಂಪು ರಕ್ತಕಣದ ಬದಲಿಗೆ 5 ಮೈಕ್ರಾನ್ ನೈಲಾನ್ ಕಣಗಳು. ನಿಜವಾದ ಕಣ 7ರಿಂದ 8 ಮೈಕ್ರಾನ್. ಒಂದು ಸಣ್ಣ ಗಾಳಿಗುಳ್ಳೆ ಸೇರಿದ್ರೂ ಡಾಪ್ಲರಲ್ಲಿ ಝಗ್ ಅಂತ ಹೊಳೆದು ಅಳತೆ ಕೆಡುತ್ತೆ, ಅದಕ್ಕೆ ಗಾಳಿ ತೆಗೆದೇ ತುಂಬಬೇಕು. ಪಂಪು ಹೃದಯದ ಬಡಿತದ ಥರ ತಳ್ಳಬೇಕು. ಎಂಆರ್‌ಐ ರೂಮಿಗೆ ಕಬ್ಬಿಣದ ಪಂಪು ಒಯ್ಯೋ ಹಾಗಿಲ್ಲ, ಹೊರಗಿಟ್ಟು ಉದ್ದದ ಪೈಪ್ ಎಳೀಬೇಕು, ಆ ಪೈಪಲ್ಲಿ ಬರ್ತಾ ಬರ್ತಾ ಬಡಿತದ ಏರಿಳಿತ ಸಪ್ಪೆ ಆಗಿಬಿಡುತ್ತೆ.

ನಿಜದ ಥರ ಇರ್ಬೇಕಾ, ಲೆಕ್ಕ ಗೊತ್ತಿರ್ಬೇಕಾ

ಇಲ್ಲಿ ತಜ್ಞರಲ್ಲೇ ಎರಡು ಕಡೆ. ಒಂದು ಕಡೆಯವರು, ನೇರ ಕೊಳವೆ ಸಾಕು ಅಂತಾರೆ. ಡಾಪ್ಲರ್ ಪರೀಕ್ಷೆಯ ಫ್ಲೋ ಫ್ಯಾಂಟಮ್ ಹೇಗಿರ್ಬೇಕು ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಬಂದಿದ್ದು 2001ರಲ್ಲಿ, ಅದೂ ಸರಳ ನಾಳದ್ದೇ. ಅವರ ವಾದ ಗಟ್ಟಿ ಇದೆ: ಕೊಳವೆಯ ಅಳತೆ ಗೊತ್ತು, ಹರಿವು ಗೊತ್ತು, ಆದ್ದರಿಂದ ವೇಗ ಎಷ್ಟು ಅನ್ನೋದು ಲೆಕ್ಕದಲ್ಲೇ ಸಿಗುತ್ತೆ, ಬೆಂಗಳೂರಲ್ಲಿ ಮಾಡಿದ್ದನ್ನ ಬರ್ಲಿನ್ನಲ್ಲೂ ಮಾಡಬಹುದು, ಎರಡೂ ಹೋಲಿಸಬಹುದು.

ಇನ್ನೊಂದು ಕಡೆಯವರು ಹೇಳೋದು, ಯಾರ ಕತ್ತಲ್ಲಿ ನೇರ ಕೊಳವೆ ಇದೆ ಅಂತ. ನಾಳ ಕವಲೊಡೆಯುತ್ತೆ, ಬಾಗುತ್ತೆ, ಕೊಬ್ಬು ಒಂದೇ ಪಕ್ಕಕ್ಕೆ ಕೂತಿರುತ್ತೆ, ಕ್ಯಾಲ್ಸಿಯಂ ಗಟ್ಟಿಯಾಗಿರುತ್ತೆ. ಸಿಟಿಯಲ್ಲಿ ಕ್ಯಾಲ್ಸಿಯಂ ತನ್ನ ಗಾತ್ರಕ್ಕಿಂತ ದೊಡ್ಡದಾಗಿ ಹರಡಿ ಕಾಣುತ್ತೆ, ಪಕ್ಕದ ರಕ್ತದ ದಾರಿಯನ್ನ ನುಂಗಿಬಿಡುತ್ತೆ, ಇದನ್ನ ಸರಳ ಕೊಳವೆ ತೋರಿಸಿಕೊಡಲ್ಲ. ಈಗಂತೂ ಎಐ ಬಂದಿದೆ. ಮನುಷ್ಯರ ಚಿತ್ರ ನೋಡಿ ಕಲಿತ ಸಾಫ್ಟ್‌ವೇರ್ ಮುಂದೆ ನೇರ ಕೊಳವೆ ಇಟ್ಟರೆ ಅದು ರಕ್ತನಾಳ ಅಂತ ಗುರುತು ಹಿಡಿಯದೇ ಹೋಗಬಹುದು, ಹಾಗಾಗಿ ಅದನ್ನ ಪರೀಕ್ಷೆ ಮಾಡೋಕೆ ಮನುಷ್ಯರದ್ದೇ ಆಕಾರ ಬೇಕು. ಸಿಟಿ ಚಿತ್ರದಿಂದಲೇ ಹೃದಯದ ನಾಳದ ಒತ್ತಡ ಲೆಕ್ಕ ಹಾಕಿ, ಬ್ಲಾಕ್ ದಾಟಿದ ಮೇಲಿನ ಒತ್ತಡ ಅದಕ್ಕಿಂತ ಮುಂಚಿನ ಒತ್ತಡದ 0.80 ಪಾಲು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಸ್ಟೆಂಟ್ ಬೇಕಾಗಬಹುದು ಅನ್ನೋ ಸಾಫ್ಟ್‌ವೇರುಗಳಿಗೂ ಇದೇ ಮಾತು: 3ಡಿ ಪ್ರಿಂಟ್ ಮಾಡಿದ ನಾಳದೊಳಗೆ ಒತ್ತಡವನ್ನ ನೇರವಾಗಿ ಅಳೆದು, ಸಾಫ್ಟ್‌ವೇರ್ ಹೇಳಿದ್ದಕ್ಕೆ ತಾಳೆ ನೋಡಬಹುದು.

ಆದರೆ ನಿಜದ ಹತ್ತಿರ ಹೋದಷ್ಟೂ ಸರಿ ಉತ್ತರ ಏನು ಅಂತ ಖಚಿತವಾಗಿ ಹೇಳೋದು ಕಷ್ಟ ಆಗ್ತಾ ಹೋಗುತ್ತೆ. ಇಡೀ ವಿಷಯದ ತಿರುಳು ಇದೇ ಅಂತ ನನಗನ್ಸುತ್ತೆ. ರೋಗಿಯ ಸಿಟಿ ತಗೊಂಡು, ನಾಳದ ಅಂಚು ಎಲ್ಲಿ ಅಂತ ಸಾಫ್ಟ್‌ವೇರಲ್ಲಿ ಗುರುತಿಸಿ, ನೀರಲ್ಲಿ ಕರಗೋ ವಸ್ತುವಿನಲ್ಲಿ ಒಳಭಾಗ ಪ್ರಿಂಟ್ ಮಾಡಿ, ಸುತ್ತ ಸಿಲಿಕೋನ್ ಹೊಯ್ದು, ಒಳಗಿನದ್ದು ಕರಗಿಸಿ ತೆಗೀತಾರೆ. ಹೃದಯದ ನಾಳ 3 ಮಿಲಿಮೀಟರ್ ಆಸುಪಾಸು, ಸಿಟಿ ಬಿಡಿಸಿ ತೋರಿಸೋದೇ ಸುಮಾರು ಅರ್ಧ ಮಿಲಿಮೀಟರ್. ಅಂಚು ಗುರುತಿಸೋದ್ರಲ್ಲಿ ಅಷ್ಟು ತಪ್ಪಿದ್ರೆ ನಾಳದ ಆರನೇ ಒಂದು ಭಾಗ ತಪ್ಪಿತು. ಆ ತಪ್ಪು ಮಾದರಿಯೊಳಗೆ ಸೇರಿತು, ಅದೇ ಮಾದರಿ ಇಟ್ಕೊಂಡು ಮತ್ತೊಂದು ಸಿಟಿ ಸರೀನಾ ಅಂತ ನೋಡಿದ್ರೆ ಏನು ಪ್ರಯೋಜನ? ಇದಕ್ಕೆ ಪರಿಹಾರ ಇದೆ. ಮಾದರಿ ತಯಾರಾದ ಮೇಲೆ ಅದನ್ನೇ ಮೈಕ್ರೋ ಸಿಟಿಯಲ್ಲಿ ಹಾಕಿ, ಇನ್ನೂ ಸೂಕ್ಷ್ಮವಾಗಿ ಅಳೆದು, ಆ ಅಳತೆಯನ್ನೇ ಸತ್ಯ ಅಂತ ಇಟ್ಕೊಳ್ಳೋದು. ರೋಗಿಯನ್ನ ಪಕ್ಕಕ್ಕಿಟ್ಟು ಮಾದರಿಯನ್ನೇ ನಂಬೋದು. ಈ ಹೆಜ್ಜೆ ಬಿಟ್ಟ ಮಾದರಿ ಎಷ್ಟೇ ಅಸಲಿ ಥರ ಕಂಡರೂ ಪ್ರದರ್ಶನಕ್ಕೆ ಸರಿ, ಪರೀಕ್ಷೆಗೆ ಆಗಲ್ಲ.

ಎಲ್ಲಾ ಕಂಪ್ಯೂಟರಲ್ಲೇ ಮಾಡಿ ಮುಗಿಸಬಹುದಲ್ವಾ ಅನ್ನೋರೂ ಇದ್ದಾರೆ. ಹರಿವಿನ ಲೆಕ್ಕಕ್ಕೆ ಅದು ಒಳ್ಳೇದೇ, ಆದರೆ ಹಳೇದಾಗಿ ಸವೆದ ಪ್ರೋಬ್ ಕಂಪ್ಯೂಟರಿಗೆ ಕಾಣಲ್ಲ.

ಕಾನೂನು ಎಲ್ಲಿ ನಿಂತಿದೆ

ಎಕ್ಸ್‌ರೇ, ಸಿಟಿ ವಿಕಿರಣ ಬಿಡೋದ್ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದ್ರೆ ಎಇಆರ್‌ಬಿ, ನಿಯಮಿತ ಗುಣಮಟ್ಟ ಪರೀಕ್ಷೆ ಕೇಳುತ್ತೆ. ಅಲ್ಟ್ರಾಸೌಂಡಲ್ಲಿ ವಿಕಿರಣ ಇಲ್ಲ, ಅದು ಅವರ ವ್ಯಾಪ್ತಿಗೆ ಬರಲ್ಲ. ಅಲ್ಟ್ರಾಸೌಂಡ್ ಮೇಲೆ ಬಿಗಿ ಕಾನೂನು ಇರೋದು 1994ರ ಪಿಸಿಪಿಎನ್‌ಡಿಟಿ ಕಾಯ್ದೆ, ಅದು ಹೆಣ್ಣು ಭ್ರೂಣ ಉಳಿಸೋಕೆ ಬಂದಿದ್ದು, ಮಷೀನ್ ಎಲ್ಲಿದೆ, ಯಾರು ಬಳಸ್ತಾರೆ, ದಾಖಲೆ ಸರಿ ಇದೆಯಾ ಅಂತ ನೋಡುತ್ತೆ. ಅದರ ಅಗತ್ಯ ಬಗ್ಗೆ ಎರಡು ಮಾತಿಲ್ಲ. ಆದರೆ ಮಷೀನ್ ತೋರಿಸೋ ವೇಗ ಸರೀನಾ ಅನ್ನೋದು ಆ ಕಾಯ್ದೆಯ ಕೆಲಸ ಅಲ್ಲ.

ವೈದ್ಯಕೀಯ ಸಾಧನ ನಿಯಮ 2017ರಲ್ಲಿ ಬಂತು, 2020ರ ಏಪ್ರಿಲಿನಿಂದ ಎಲ್ಲಾ ವೈದ್ಯಕೀಯ ಸಾಧನಗಳನ್ನೂ ಔಷಧದ ಥರ ನಿಯಂತ್ರಣಕ್ಕೆ ತಂದ್ರು. ಅದು ಹೆಚ್ಚಾಗಿ ಮಾರುಕಟ್ಟೆಗೆ ಬರೋ ಮುಂಚಿನ ತಪಾಸಣೆ. ಎಂಟು ಹತ್ತು ವರ್ಷ ಓಡಿ, ಪ್ರೋಬ್ ಒಂದೆರಡು ಸಲ ಕೈಜಾರಿ ಬಿದ್ದ ಮೇಲೆ ಅದೇ ಮಷೀನ್ ಹೇಗಿದೆ ಅನ್ನೋದು ಆಸ್ಪತ್ರೆಯವರ ಜವಾಬ್ದಾರಿಗೆ ಬಿಟ್ಟಿದ್ದು. ಆಸ್ಪತ್ರೆಗಳ ಗುಣಮಟ್ಟ ನೋಡಿ ಕೊಡೋ ಎನ್‌ಎಬಿಎಚ್ ಮಾನ್ಯತೆ ಬೇಕು ಅನ್ನೋರು ಕ್ಯಾಲಿಬ್ರೇಷನ್ ದಾಖಲೆ ಇಡ್ತಾರೆ, ಆದರೆ ಆ ಮಾನ್ಯತೆ ತಗೊಳ್ಳೋದು ಅವರವರ ಇಷ್ಟ.

ಕೊಡಗಿಗೆ ಇದರ ಪರಿಣಾಮ

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಒಂದರ ಮೇಲೊಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಮುಗಿಬಿದ್ದಿದ್ದು ನೆನಪಿರಬಹುದು. ಭಯ ಹುಟ್ಟಿದಾಗ ಸ್ಕ್ಯಾನ್ ಜಾಸ್ತಿ ಆಗುತ್ತೆ, ರೋಗ ಕಮ್ಮಿ ಇರೋರೇ ಹೆಚ್ಚು ಬರ್ತಾರೆ, ಅಂಥ ಕಡೆ ಮಷೀನ್ ಸ್ವಲ್ಪ ಹೆಚ್ಚು ತೋರಿಸಿದ್ರೂ ಇಲ್ಲದ ಬ್ಲಾಕುಗಳ ರಾಶಿ ಬೀಳುತ್ತೆ. ಅದರಿಂದ ಮತ್ತೊಂದು ಟೆಸ್ಟು, ಅದಕ್ಕೊಂದು ಓಡಾಟ, ಸಾಲ. ದೊಡ್ಡ ಊರಲ್ಲಿ ಅನುಮಾನ ಬಂದ್ರೆ ಎದುರು ಬೀದಿಯ ಸೆಂಟರಲ್ಲಿ ಇನ್ನೊಂದು ಸಲ ತೋರಿಸಬಹುದು, ಇಲ್ಲಿ ಹಾಗಲ್ಲ. ಮಂಗಳೂರಿಗೆ ಹೋಗೋಣ ಅಂದ್ರೆ 2018ರ ಥರ ಗುಡ್ಡ ಕುಸಿದು ಸಂಪಾಜೆ ಘಾಟಿಯೇ ಬಂದ್ ಆಗೋ ಕಾಲವೂ ಇದೆ.

ಹೊಸದೇನೂ ಕಂಡುಹಿಡೀಬೇಕಾಗಿಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಜಿಲ್ಲೆಗೆ ಒಂದು ಸರಳ ಫ್ಲೋ ಫ್ಯಾಂಟಮ್ ತಂದಿಟ್ಟು, ವರ್ಷಕ್ಕೊಮ್ಮೆ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆಯ ಡಾಪ್ಲರ್ ಮಷೀನುಗಳ ಹತ್ತಿರ ಒಯ್ದು ನೋಡಿ ಬರೋದು ಆಗದ ಕೆಲಸ ಅಲ್ಲ. ಇದಕ್ಕೆ ಸಾದಾ ನೇರ ಕೊಳವೆಯ ನಮೂನೆಯೇ ಸಾಕು. ಅಸಲಿ ಆಕಾರದ, ಕವಲು ಬ್ಲಾಕು ಎಲ್ಲಾ ಇರೋ ದುಬಾರಿ ಮಾದರಿ ಬೇಕಾಗೋದು ಹೊಸ ಮಷೀನ್, ಹೊಸ ಎಐ ಮಾರುಕಟ್ಟೆಗೆ ಬರೋ ಮುಂಚೆ, ಅದನ್ನ ಬೆಂಗಳೂರಿನ ಐಐಎಸ್‌ಸಿ, ತಿರುವನಂತಪುರದ ಶ್ರೀ ಚಿತ್ರಾದಂಥ ಸಂಸ್ಥೆಗಳಿಗೆ ಬಿಡಬಹುದು. 1990ರಲ್ಲೇ ಮೊದಲ ಸಲ ರೋಗಿಗೆ ಹಾಕಿದ ಚಿತ್ರಾ ಹೃದಯ ಕವಾಟ ಮಾಡಿದ ದೇಶಕ್ಕೆ ಇದು ಮೀರಿದ್ದೇನಲ್ಲ. ಇಬ್ಬರ ಕೆಲಸ ಬೇರೆ ಬೇರೆ ಅಂತ ಒಪ್ಪಿಕೊಂಡ್ರೆ ಸರಳ ದೊಡ್ಡದಾ, ಅಸಲಿ ದೊಡ್ಡದಾ ಅನ್ನೋ ವಾದ ಬಹಳಷ್ಟು ಕರಗುತ್ತೆ.

ಒಂದು ಆಕ್ಷೇಪ ನ್ಯಾಯವಾದದ್ದು: ರೇಡಿಯಾಲಜಿಸ್ಟ್‌ಗಳೇ ಕಮ್ಮಿ ಇರೋ ಕಡೆ ಮಷೀನ್ ತಪಾಸಣೆಗೆ ದುಡ್ಡು ಯಾಕೆ, ಮೊದಲು ಜನ ಕೊಡಿ ಅಂತ. ಫ್ಯಾಂಟಮ್ ಬಂದ್ರೆ ಕೋನ ತಪ್ಪಿಡೋ ಕೈ ತಾನಾಗಿ ಸರಿಯಾಗಲ್ಲ ಅನ್ನೋದೂ ನಿಜ. ಆದರೆ ಅದೇ ಫ್ಯಾಂಟಮ್ ಮೇಲೆ ಹೊಸಬರು ಕೈ ಪಳಗಿಸಬಹುದು, ತಾವು ಇಟ್ಟ ಗೆರೆಗೆ ಬಂದ ವೇಗಕ್ಕೂ ಪಂಪಿನ ನಿಜವಾದ ವೇಗಕ್ಕೂ ಎಷ್ಟು ಅಂತರ ಅಂತ ಅಲ್ಲೇ ನೋಡ್ಕೋಬಹುದು, ಯಾವ ರೋಗಿಗೂ ತೊಂದರೆ ಇಲ್ಲದೆ.

ಅಲ್ಲಿವರೆಗೆ ರಿಪೋರ್ಟ್ ಕೈಗೆ ಬಂದವರು ಕೆಲವು ವಿಷಯ ಕೇಳಿ ತಿಳ್ಕೊಳ್ಳೋದು ಒಳ್ಳೇದು. 50% ಬ್ಲಾಕ್ ಅಂದ್ರೆ ಅಗಲದ ಲೆಕ್ಕವಾ, ವಿಸ್ತೀರ್ಣದ ಲೆಕ್ಕವಾ ಅಂತ, ಯಾಕಂದ್ರೆ ಅಗಲದಲ್ಲಿ 50% ಆದ್ರೆ ವಿಸ್ತೀರ್ಣದಲ್ಲಿ ಅದು 75%, ಒಂದೇ ನಾಳಕ್ಕೆ ಎರಡು ಕಡೆ ಎರಡು ನಂಬರ್ ಬಂದು ಒಂದೇ ತಿಂಗಳಲ್ಲಿ ಬ್ಲಾಕ್ ಜಾಸ್ತಿ ಆಯ್ತು ಅಂತ ಹೆದರೋರು ಇದ್ದಾರೆ. ಡಾಪ್ಲರ್ ಆದ್ರೆ ಬರೀ ಪರ್ಸೆಂಟ್ ಸಾಲದು, ವೇಗ ಎಷ್ಟು ಬಂತು, ಕೋನ ಎಷ್ಟಿತ್ತು ಅನ್ನೋದೂ ರಿಪೋರ್ಟಲ್ಲಿ ಇರಲಿ. ಫಾಲೋಅಪ್‌ಗೆ ಆದಷ್ಟೂ ಅದೇ ಮಷೀನಲ್ಲಿ ಮಾಡಿಸಿ, ಮೈಸೂರಿಗೋ ಮಂಗಳೂರಿಗೋ ಹೋಗುವಾಗ ಹಳೇ ಫಿಲ್ಮು, ಸಿಡಿ ಎರಡನ್ನೂ ಬ್ಯಾಗಿಗೆ ಹಾಕ್ಕೊಳ್ಳಿ, ಅಲ್ಲಿನ ಡಾಕ್ಟರು ಗೆರೆ ಎಲ್ಲಿ ಇಟ್ಟಿದ್ರು ಅಂತ ಚಿತ್ರದಲ್ಲೇ ನೋಡಿ ಹೇಳ್ತಾರೆ.